ಪ್ರಸಾದನಿಲಯದಿಂದ ವಿಶ್ವವಿದ್ಯಾಲಯಕ್ಕೆ

(ದೇವನೂರಿನಲ್ಲಿ ಶರಣ ಬಂಧುಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

 

ಉನ್ನತ ಶಿಕ್ಷಣ ಮತ್ತು ದಾಸೋಹದ ಬಗ್ಗೆ ಮಾತಾಡಿ ಎಂದು ಹೇಳಿದ್ದಾರೆ. ಗುರುಮಲ್ಲೇಶ್ವರರ ದಾಸೋಹದ ಊರಿನಲ್ಲಿ ನಿಂತು ದಾಸೋಹ ಎಂದರೇನು ಅಂತ ನಾನು ವಿವರಿಸಲು ಹೊರಟರೆ, ಅಡುಗೆಮನೆಯಲ್ಲಿರುವ ತಾಯಂದಿರು ನಕ್ಕಾರು. ನಾನು ಅರ್ಥಶಾಸ್ತ್ರ ಪಾಠ ಹೇಳಿಕೊಂಡು ನಿವೃತ್ತನಾದ ಮೇಷ್ಟ್ರು. ನನಗೆ ಗೊತ್ತಿರುವುದು ಲೆಕ್ಕ. ಆದ್ದರಿಂದ ಲೆಕ್ಕದ ಮಾತನ್ನೇ ಆಡುತ್ತೇನೆ. ಒಂದು ಬಡ ದೇಶದಲ್ಲಿ, ಸರ್ಕಾರದ ಕೈಯಲ್ಲಿ ದುಡ್ಡಿಲ್ಲದ ಕಾಲದಲ್ಲಿ, ಮಠಗಳೂ ಭಕ್ತರೂ ಸೇರಿ ಕಾಲೇಜುಗಳನ್ನು ಹೇಗೆ ಕಟ್ಟಿದರು, ಈಗ ಆ ಲೆಕ್ಕ ಎಲ್ಲಿಗೆ ಬಂದು ನಿಂತಿದೆ ಎಂಬುದು ನನ್ನ ವಿಷಯ.

1916ನೇ ಇಸವಿಯಿಂದ ಶುರುಮಾಡುತ್ತೇನೆ. ಆ ವರ್ಷ ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ದೇಶೀ ಸಂಸ್ಥಾನವೊಂದು ಸ್ಥಾಪಿಸಿದ ಮೊದಲ ವಿಶ್ವವಿದ್ಯಾಲಯ ಅದು. ಅದೇ ವರ್ಷ ನವೆಂಬರಿನಲ್ಲಿ ಬೆಳಗಾವಿಯಲ್ಲಿ ಏಳು ಜನ ಸೇರಿ ಕರ್ನಾಟಕ ಲಿಂಗಾಯತ ಎಜುಕೇಷನ್ ಸೊಸೈಟಿಯನ್ನು, ಅಂದರೆ ನಾವು ಇವತ್ತು ಕೆಎಲ್‌ಇ ಎನ್ನುವ ಸಂಸ್ಥೆಯನ್ನು, ಒಂದು ಶಾಲೆಯ ರೂಪದಲ್ಲಿ ಆರಂಭಿಸಿದರು. ಅದೇ ವರ್ಷ ಆಗಸ್ಟಿನಲ್ಲಿ ಹುಟ್ಟಿದ ಮಗುವೊಂದು ಮುಂದೆ ನಮ್ಮ ಪಕ್ಕದ ಸುತ್ತೂರು ಮಠದ 23ನೇ ಜಗದ್ಗುರುಗಳಾಗಿ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳೆಂದು ಹೆಸರಾಯಿತು. ಇದು ಕಾಕತಾಳೀಯ, ಪವಾಡವೇನಲ್ಲ. ಆದರೆ ವಿದ್ಯಾರ್ಥಿಗಳಿಗೆ ಇಸವಿ ನೆನಪಿಟ್ಟುಕೊಳ್ಳಲು ಅನುಕೂಲ.

ಆ ಕಾಲದ ಸ್ಥಿತಿ ಹೇಗಿತ್ತು? ಮುಂಬಯಿ ಕರ್ನಾಟಕದ ಹುಡುಗನೊಬ್ಬ ಬಿ.ಎ. ಓದಬೇಕೆಂದರೆ ಪುಣೆಗೋ ಮುಂಬಯಿಗೋ ಹೋಗಬೇಕು. ಧಾರವಾಡಕ್ಕೆ ಕರ್ನಾಟಕ ಕಾಲೇಜು ಬಂದದ್ದು 1917ರಲ್ಲಿ. ಒಕ್ಕಲು ಮನೆಗಳಲ್ಲಿ ಓದು ಬರಹ ಬರುತ್ತಿದ್ದವರೇ ಕಡಿಮೆ. ಲಿಂಗಾಯತರು ಸಂಖ್ಯೆಯಲ್ಲಿ ದೊಡ್ಡವರು, ಭೂಮಿ ಇದ್ದವರು, ಆದರೆ ಕಚೇರಿಯಲ್ಲಿ, ಕೋರ್ಟಿನಲ್ಲಿ, ಕಾಲೇಜಿನಲ್ಲಿ ಇಲ್ಲ. ಇದನ್ನು ಕಂಡು ಮೊದಲು ಎಚ್ಚೆತ್ತವರು ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ದಪ್ಪನವರು. 1883ರಲ್ಲೇ ಧಾರವಾಡದಲ್ಲಿ ಲಿಂಗಾಯತ ಮಕ್ಕಳ ವಿದ್ಯಾಭ್ಯಾಸಕ್ಕೆಂದು ನಿಧಿ ಕೂಡಿಸಲು ಹೊರಟರು. ಆಮೇಲೆ ಶಿರಸಂಗಿ ಲಿಂಗರಾಜ ದೇಸಾಯಿಯವರು. 1906ರಲ್ಲಿ ತೀರಿಕೊಂಡ ಈ ದೇಸಾಯಿಯವರು ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರ ಬರೆದಿಟ್ಟು ಹೋದರು. ಅವರ ಟ್ರಸ್ಟಿನ ವಿದ್ಯಾರ್ಥಿವೇತನ ಪಡೆದು ಓದಿದವರು ಎಷ್ಟು ಜನ ಮುಂದೆ ಮೇಷ್ಟ್ರುಗಳೂ ವಕೀಲರೂ ಅಧಿಕಾರಿಗಳೂ ಆದರು ಎನ್ನುವುದನ್ನು ಯಾರಾದರೂ ಕೂತು ಪುಸ್ತಕ ಮಾಡಬೇಕು.

ವಿಜಾಪುರದಲ್ಲಿ ಫ.ಗು. ಹಳಕಟ್ಟಿಯವರು 1910ರಲ್ಲಿ ಬಿಎಲ್‌ಡಿಇ ಸಂಸ್ಥೆಯನ್ನು ಕಟ್ಟಿದರು. ನಾವು ಹಳಕಟ್ಟಿಯವರನ್ನು ವಚನ ಪಿತಾಮಹ ಎಂದು ಕರೆದು, ಫೋಟೋಕ್ಕೆ ಹಾರ ಹಾಕಿ ಸುಮ್ಮನಾಗುತ್ತೇವೆ. ಅವರು ತಾಳೆಗರಿ ಹುಡುಕಿ 1923ರಲ್ಲಿ ವಚನ ಶಾಸ್ತ್ರ ಸಾರ ಅಚ್ಚು ಹಾಕಿಸುವುದಕ್ಕೆ 13 ವರ್ಷ ಮೊದಲೇ ಶಾಲೆಯ ಕೆಲಸಕ್ಕೆ ಇಳಿದಿದ್ದರು. ವಚನ ಅಚ್ಚು ಮಾಡಿದರೆ ಸಾಲದು, ಓದುವವನೂ ಬೇಕಲ್ಲ.

ಈ ಎಲ್ಲ ಸಂಸ್ಥೆಗಳ ಹೆಸರಿನಲ್ಲಿ ಜಾತಿಯ ಹೆಸರಿದೆ. ಇದು ಬಸವಣ್ಣನವರಿಗೆ ಒಪ್ಪಿತವೇ ಎಂದು ನಮ್ಮ ಹುಡುಗರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆಗ ಬ್ರಿಟಿಷರ ಆಳ್ವಿಕೆಯಲ್ಲಿ ಎಲ್ಲ ಸಮುದಾಯಗಳೂ ಹೀಗೆಯೇ ತಮ್ಮ ತಮ್ಮ ನಿಧಿ, ತಮ್ಮ ತಮ್ಮ ಹಾಸ್ಟೆಲು ಮಾಡಿಕೊಂಡವು. ಬೇರೆ ದಾರಿ ಇರಲಿಲ್ಲ ಎಂದು ಮಾತ್ರ ನಾನು ಹೇಳಲಾರೆ. ಏಕೆಂದರೆ ಗಡಿಯಾಚೆ ಸಾತಾರಾ ಸೀಮೆಯಲ್ಲಿ ಭಾವುರಾವ್ ಪಾಟೀಲರು 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿ, ಎಲ್ಲ ಜಾತಿಯ ಹುಡುಗರನ್ನೂ ಒಂದೇ ಹಾಸ್ಟೆಲಿನಲ್ಲಿ ಇಟ್ಟು, ಒಂದೇ ಒಲೆಯಲ್ಲಿ ಅಡುಗೆ ಮಾಡಿಸಿ, ಒಂದೇ ಪಂಕ್ತಿಯಲ್ಲಿ ಉಣಿಸಿದರು. ಹುಡುಗರೇ ಹೊಲದಲ್ಲಿ ದುಡಿದು ಓದಬೇಕು ಎನ್ನುವುದು ಅಲ್ಲಿನ ಪದ್ಧತಿ. ಆ ಪಾಟೀಲರು ಜೈನರು. ನಮ್ಮ ಕಾಯಕ ದಾಸೋಹಗಳನ್ನು ಅವರು ಹೆಸರಿಡದೆ ಮಾಡಿ ತೋರಿಸಿದರು.

ಈಗ ನಮ್ಮ ಮನೆ ಬಾಗಿಲಿಗೆ ಬರೋಣ.

ಸುತ್ತೂರಿನ ರಾಜೇಂದ್ರ ಸ್ವಾಮಿಗಳು ಮೊದಲು ಕಾಲೇಜು ಕಟ್ಟಲಿಲ್ಲ. ಮೈಸೂರಿನಲ್ಲಿ ಹಳ್ಳಿಯ ಹುಡುಗರಿಗೆ ಉಚಿತ ಪ್ರಸಾದನಿಲಯ ತೆರೆದರು. 1940ರ ದಶಕ, ಯುದ್ಧದ ಕಾಲ, ಅಕ್ಕಿ ರಾಗಿಗೆ ರೇಷನ್ನು. ಕಾಲೇಜಿಗೆ ಮೊದಲು ಹಾಸ್ಟೆಲು ಯಾಕೆ? ಇದು ಅರ್ಥಶಾಸ್ತ್ರದ ಪ್ರಶ್ನೆ. ಮೈಸೂರಿನಲ್ಲಿ ಮಹಾರಾಜರ ಕಾಲೇಜು ಇತ್ತು, ಯುವರಾಜ ಕಾಲೇಜು ಇತ್ತು, ಒಳ್ಳೆಯ ಮೇಷ್ಟ್ರುಗಳಿದ್ದರು. ನಂಜನಗೂಡು, ತಿ. ನರಸೀಪುರ, ಚಾಮರಾಜನಗರದ ಕಡೆಯ ಹುಡುಗನಿಗೆ ತಡೆಯಾಗಿದ್ದದ್ದು ಕಾಲೇಜಿನ ಬಾಗಿಲಲ್ಲ, ರಾತ್ರಿಯ ಊಟ. ಮಲಗಲು ಜಾಗ ಬೇಕು, ಎರಡು ಹೊತ್ತು ಮುದ್ದೆ ಬೇಕು, ಹೊರಗಿನವನಿಗೆ ಕೋಣೆ ಕೊಡುವವರು ಜಾತಿ ಕೇಳುತ್ತಾರೆ. ಅಷ್ಟನ್ನು ಮಠ ನೋಡಿಕೊಂಡರೆ ಉಳಿದದ್ದನ್ನು ಹುಡುಗನೇ ನೋಡಿಕೊಳ್ಳುತ್ತಾನೆ. ಸರ್ಕಾರ ಕಟ್ಟಿಸಿದ ಕಾಲೇಜಿಗೆ ರೈತನ ಮಗನನ್ನು ತಲುಪಿಸಿದ್ದು ರೈತನ ಕಣದಿಂದಲೇ ಬಂದ ರಾಗಿ. ಸುಗ್ಗಿಯಲ್ಲಿ ಮಠದ ಗಾಡಿ ಬಂದಾಗ ಅಳೆದು ಕೊಟ್ಟ ಆ ಕೊಳಗ ಕೊಳಗ ರಾಗಿ, ಭತ್ತ ಯಾವ ಬಜೆಟ್ಟಿನಲ್ಲೂ ದಾಖಲಾಗಲಿಲ್ಲ. ಆದರೆ ಅದು ಉನ್ನತ ಶಿಕ್ಷಣಕ್ಕೆ ಹಾಕಿದ ಬಂಡವಾಳ. ನಿಮ್ಮ ತಾತಂದಿರು ಹಾಕಿದ್ದು.

ತುಮಕೂರಿನ ಸಿದ್ಧಗಂಗೆಯಲ್ಲಿ ನಡೆದದ್ದೂ ಇದೇ. ಅಲ್ಲಿನ ಉದ್ದಾನ ಶಿವಯೋಗಿಗಳು, ಅವರ ನಂತರ 2019ರ ಜನವರಿಯಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಮಕ್ಕಳಿಗೆ ಅನ್ನ ಹಾಕಿ ಓದಿಸಿದ್ದನ್ನು ನಿಮಗೆ ಹೇಳಬೇಕಾಗಿಲ್ಲ. ಎಲ್ಲ ಕಡೆಯೂ ಮೊದಲು ಒಲೆ, ಆಮೇಲೆ ಕರಿಹಲಗೆ.

1954ರಲ್ಲಿ ರಾಜೇಂದ್ರ ಸ್ವಾಮಿಗಳು ಜಗದ್ಗುರು ಶ್ರೀ ಶಿವರಾತ್ರೀಶ್ವರ ಮಹಾವಿದ್ಯಾಪೀಠವನ್ನು ಸ್ಥಾಪಿಸಿದರು. ಸ್ವಾತಂತ್ರ್ಯ ಬಂದು ಏಳು ವರ್ಷ. 1951ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ನೂರಕ್ಕೆ 18 ಚಿಲ್ಲರೆ. ಅಂಥಲ್ಲಿ 1963ರಲ್ಲಿ ಮೈಸೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು, ಶ್ರೀ ಜಯಚಾಮರಾಜೇಂದ್ರರ ಹೆಸರಿನಲ್ಲಿ. 1973ರಲ್ಲಿ ಫಾರ್ಮಸಿ, 1984ರಲ್ಲಿ ಮೆಡಿಕಲ್. 1991ರಲ್ಲಿ ಅಂಗವಿಕಲ ಮಕ್ಕಳಿಗೆಂದೇ ಒಂದು ಪಾಲಿಟೆಕ್ನಿಕ್ ಬಂತು. ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆ ಇದರ ಮೇಲೆ. ಕಣ್ಣು ಕಾಣದ, ಕಿವಿ ಕೇಳದ ಮಕ್ಕಳಿಗೆ ಡಿಪ್ಲೊಮಾ ಕೊಟ್ಟು ಕೆಲಸಕ್ಕೆ ಕಳಿಸುವುದರಲ್ಲಿ ಲಾಭವಿಲ್ಲ. ಲಾಭ ನೋಡುವವನು ಅದನ್ನು ತೆರೆಯುವುದೂ ಇಲ್ಲ. 2008ರಲ್ಲಿ ಜೆಎಸ್‌ಎಸ್ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಇವತ್ತು ಸಂಸ್ಥೆಗಳ ಸಂಖ್ಯೆ 300 ದಾಟಿದೆ, ಮಾರಿಷಸ್, ದುಬೈವರೆಗೂ ಹೋಗಿದೆ. ಕಪಿಲಾ ದಂಡೆಯ ಒಂದು ಹಳ್ಳಿ ಮಠ ಇಲ್ಲಿಯವರೆಗೆ ಬಂದದ್ದು ಸಣ್ಣ ಮಾತಲ್ಲ.

ಆದರೆ ಸಂಸ್ಥೆಗಳ ಸಂಖ್ಯೆಯನ್ನು ಎಣಿಸಿ ಚಪ್ಪಾಳೆ ತಟ್ಟಿ ಮನೆಗೆ ಹೋಗಲು ನಾನು ಬಂದಿಲ್ಲ. ಪೂಜ್ಯರ ಮುಂದೆ ನಿಂತು ಹೇಳುತ್ತಿದ್ದೇನೆ, ತಪ್ಪು ತಿಳಿಯಬಾರದು. ಮುಂದಿನ ಮಾತು ಯಾವುದೋ ಒಂದು ಸಂಸ್ಥೆಯ ಬಗ್ಗೆ ಅಲ್ಲ. ಶರಣರ ಹೆಸರು, ಸಂತರ ಹೆಸರು, ದೇವರ ಹೆಸರು ಇಟ್ಟುಕೊಂಡು ಈ ರಾಜ್ಯದಲ್ಲಿ ನಡೆಯುತ್ತಿರುವ ಎಲ್ಲ ಸಮುದಾಯಗಳ ಕಾಲೇಜುಗಳ ಬಗ್ಗೆ.

1980ರ ದಶಕದಲ್ಲಿ ಲೆಕ್ಕ ತಿರುಗಿತು. ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳು ಒಂದರ ಹಿಂದೆ ಒಂದು ಬಂದವು. ಡೊನೇಷನ್ ಎನ್ನುವ ಮಾತು ಕನ್ನಡ ಮಾತೇ ಆಗಿಹೋಯಿತು. ದಾನ ಎಂಬ ಪದಕ್ಕೆ ಇಂಥ ಗತಿ ಬೇರೆ ಯಾವ ಕಾಲದಲ್ಲೂ ಬಂದಿರಲಿಲ್ಲ. ದಾನ ಅಂದರೆ ಕೊಡುವವನು ಮನಸ್ಸಾರೆ ಕೊಡುವುದು. ಇದು ತೆಗೆದುಕೊಳ್ಳುವವನು ನಿಗದಿ ಮಾಡುವುದು. 1984ರಲ್ಲಿ ಕರ್ನಾಟಕ ಸರ್ಕಾರ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸಿ ಕಾಯ್ದೆ ಮಾಡಿತು. ಆದರೂ ಒಂದೇ ತರಗತಿಯಲ್ಲಿ ಸರ್ಕಾರಿ ಸೀಟಿನ ಹುಡುಗನಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಉಳಿದವರಿಗೆ 25,000, ಹೊರರಾಜ್ಯದವರಿಗೆ 60,000 ಎಂದು ಸರ್ಕಾರದ ಅಧಿಸೂಚನೆಯಲ್ಲೇ ಇತ್ತು. ಉತ್ತರ ಪ್ರದೇಶದ ಒಬ್ಬ ವಿದ್ಯಾರ್ಥಿನಿ ನನಗೆ 60,000 ಕೊಡಲಾಗದು ಎಂದು ಸುಪ್ರೀಂ ಕೋರ್ಟಿಗೆ ಹೋದಳು. 1992ರ ಮೋಹಿನಿ ಜೈನ್ ತೀರ್ಪು ಎಂದರೆ ಅದೇ. ನಮ್ಮ ರಾಜ್ಯದ ಮೇಲೆ ಹೂಡಿದ ಮೊಕದ್ದಮೆಯಿಂದ ಇಡೀ ದೇಶದ ಕಾನೂನು ಬದಲಾಯಿತು. ಮುಂದಿನ ವರ್ಷ ಉನ್ನಿಕೃಷ್ಣನ್ ತೀರ್ಪು ಬಂತು, ಅದರ ಹಿಂದೆಯೇ ನಮ್ಮಲ್ಲಿ ಸಿಇಟಿ ಬಂತು. ಹಳ್ಳಿಯ ಜಾಣ ಮಕ್ಕಳು ಡಾಕ್ಟರಾದದ್ದು, ಎಂಜಿನಿಯರಾದದ್ದು ಆ ಸಿಇಟಿಯಿಂದ. 2002ರಲ್ಲಿ ಟಿ.ಎಂ.ಎ. ಪೈ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ, ಖಾಸಗಿ ಸಂಸ್ಥೆ ತನ್ನ ಬೆಳವಣಿಗೆಗೆ ಬೇಕಾದಷ್ಟು ಮಿಗಿಸಿಕೊಳ್ಳಬಹುದು, ಆದರೆ ಲಾಭಕೋರತನ ಕೂಡದು ಎಂದಿತು. ಮಿಗುವುದು ಎಲ್ಲಿ ಮುಗಿಯುತ್ತದೆ, ಲಾಭ ಎಲ್ಲಿ ಶುರುವಾಗುತ್ತದೆ? ಅದನ್ನು ಕೋರ್ಟು ಹೇಳಲಾರದು. ಲೆಕ್ಕದ ಪುಸ್ತಕ ಹೇಳುತ್ತದೆ, ತೆರೆದು ತೋರಿಸಿದರೆ.

ಇನ್ನೊಂದು ಕಡೆ, 1987ರ ನಂತರ ಶುರುವಾದ ಖಾಸಗಿ ಪದವಿ ಕಾಲೇಜುಗಳಿಗೆ ಸರ್ಕಾರದಿಂದ ಸಂಬಳದ ಅನುದಾನ ಸಿಕ್ಕುವುದು ಹೆಚ್ಚು ಕಡಿಮೆ ನಿಂತೇಹೋಯಿತು. ಆಗ ಹೊರೆ ಯಾರ ಮೇಲೆ ಬಿತ್ತು? ಮಕ್ಕಳ ಫೀಜಿನ ಮೇಲೆ, ಮೇಷ್ಟ್ರ ಸಂಬಳದ ಮೇಲೆ. ನಾನು ಮೊದಲು ಕೆಲಸಕ್ಕೆ ಸೇರಿದ ಕಾಲೇಜಿನಲ್ಲಿ ಪ್ರತಿ ತಿಂಗಳೂ ನಾನು ಸಹಿ ಹಾಕಿದ್ದು ಒಂದು ಮೊತ್ತಕ್ಕೆ, ಕೈಗೆ ಬಂದದ್ದು ಬೇರೆ ಮೊತ್ತ. ಆಫೀಸಿನ ಗೋಡೆಯ ಮೇಲೆ ಬಸವಣ್ಣನವರ ದೊಡ್ಡ ಪಟ ಇತ್ತು. ಕಾಲೇಜಿನ ಹೆಸರು ಬೇಡ. ಇವತ್ತು ಅತಿಥಿ ಉಪನ್ಯಾಸಕರು ಎಂದು ಕರೆಸಿಕೊಳ್ಳುವ ಹುಡುಗ ಹುಡುಗಿಯರನ್ನು ಕೇಳಿ, ಎಂ.ಎ. ಮಾಡಿ, ನೆಟ್ ಪಾಸು ಮಾಡಿ, ಹತ್ತಾರು ವರ್ಷ ಅತಿಥಿಗಳಾಗಿಯೇ ಉಳಿದವರು. ಬೆಳಗಾವಿಯ ಆ ಏಳು ಜನರ ಪೈಕಿ ಬಸವನಾಳರು, ಸಾಖರೆಯವರಂಥ ವಿದ್ವಾಂಸರು ಕಡಿಮೆ ಸಂಬಳಕ್ಕೆ ತಾವೇ ಒಪ್ಪಿ ದುಡಿದರು. ಅದು ತ್ಯಾಗ. ಇನ್ನೊಬ್ಬರಿಂದ ಬಲವಂತವಾಗಿ ತ್ಯಾಗ ಮಾಡಿಸುವುದಕ್ಕೆ ಬೇರೆ ಹೆಸರಿದೆ. ಕಾಯಕದ ಮಾತಾಡುವ ಧರ್ಮದಲ್ಲಿ ಕಾಯಕ ಮಾಡಿದವನ ಕೂಲಿಗೆ ಕೈ ಹಾಕಬಾರದು.

ರಾಜ್ಯದ ಅಂಕಿ ನೋಡಿದರೆ ನಾವು ಮುಂದಿದ್ದೇವೆ. ಕೇಂದ್ರ ಸರ್ಕಾರದ 2021–22ರ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ಕಾಲೇಜು ವಯಸ್ಸಿನ ಒಂದು ಲಕ್ಷ ಜನಕ್ಕೆ 66 ಕಾಲೇಜು, ದೇಶದಲ್ಲೇ ಹೆಚ್ಚು. ಆದರೆ ಕಾಲೇಜು ಸೇರುವವರ ಪ್ರಮಾಣ ನೂರಕ್ಕೆ 36. ಕಾಲೇಜುಗಳ ಸಾಂದ್ರತೆಯಲ್ಲಿ ದೇಶಕ್ಕೆ ಮೊದಲು, ಆದರೂ ಮೂವರಲ್ಲಿ ಸುಮಾರು ಇಬ್ಬರು ಹೊರಗೆ. ಹೊರಗೆ ಉಳಿದವರು ಯಾರು ಅಂತ ದೇವನೂರಿನ ಬೀದಿಯಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ. ಎರಡೆಕರೆ ಇರುವ ಲಿಂಗಾಯತರ ಹುಡುಗ ಪಿಯುಸಿ ಮುಗಿಸಿ ನಂಜನಗೂಡಿನ ಫ್ಯಾಕ್ಟರಿಗೆ ಗುತ್ತಿಗೆ ಕೆಲಸಕ್ಕೆ ಹೋಗುತ್ತಾನೆ. ಕೇರಿಯ ಹುಡುಗ ಅವನ ಜೊತೆಗೇ ಅದೇ ಬಸ್ಸಿನಲ್ಲಿ ಹೋಗುತ್ತಾನೆ. ಒಂದೇ ಬಸ್ಸು, ಒಂದೇ ಗುತ್ತಿಗೆದಾರ. ಊರಿನಲ್ಲಿ ಮಾತ್ರ ಬೇರೆ ಬೇರೆ ಬೀದಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ದೇವನೂರು ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಮಹಾದೇವ ಅವರು. ಕುಸುಮಬಾಲೆಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಬಂದದ್ದು 1990ರಲ್ಲಿ. ಕನ್ನಡ ಶಿಕ್ಷಣ ಮಾಧ್ಯಮ ಆಗುವವರೆಗೆ ಬೇಡ ಎಂದು ಅವರು ನೃಪತುಂಗ ಪ್ರಶಸ್ತಿಯನ್ನು ನಿರಾಕರಿಸಿದರು. ಅವರ ಮಾತನ್ನು ಸಾಹಿತಿಗಳ ಹಟ ಎಂದವರಿದ್ದಾರೆ. ನಾನು ಅದನ್ನು ಸೀಟಿನ ಲೆಕ್ಕದಲ್ಲಿ ಹೇಳುತ್ತೇನೆ, ತಾಯಂದಿರು ದಯಮಾಡಿ ಕೇಳಿಸಿಕೊಳ್ಳಿ. ಸಿಇಟಿಯಲ್ಲಿ ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದ ಮಕ್ಕಳಿಗೆ ನೂರಕ್ಕೆ 15 ಸೀಟು ಮೀಸಲು. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5. ಹತ್ತು ವರ್ಷವೂ ಬೇಕು, ಒಂದು ವರ್ಷ ತಪ್ಪಿದರೂ ಇಲ್ಲ. ನೀವು ಸಾಲ ಮಾಡಿ ವ್ಯಾನು ಮಾಡಿಸಿ ಮಗುವನ್ನು ನಂಜನಗೂಡು ಪಟ್ಟಣದ ಇಂಗ್ಲಿಷ್ ಕಾನ್ವೆಂಟಿಗೆ ಕಳಿಸಿದ ದಿನವೇ ಎರಡೂ ಹೋಯಿತು. ಒಂದನೇ ಕ್ಲಾಸಿನ ಫೀಜು ಕಟ್ಟಿ ಎಂಜಿನಿಯರಿಂಗ್ ಸೀಟು ಬಿಟ್ಟುಕೊಟ್ಟಂತೆ. ಇದನ್ನು ಯಾರೂ ನಿಮಗೆ ಹೇಳುವುದಿಲ್ಲ, ವ್ಯಾನಿನವನಂತೂ ಹೇಳುವುದೇ ಇಲ್ಲ.

ಹೋದ ವರ್ಷ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಮಗಳಿಗೆ ಪಿಯುಸಿಯಲ್ಲಿ ಒಳ್ಳೆಯ ಅಂಕ. "ಮೇಷ್ಟ್ರೇ, ಫೀಜು ಎಷ್ಟಾಯ್ತದೆ?" ಎಂದು ಕೇಳಿದರು. ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಠದ ಕಾಲೇಜಲ್ವರಾ?" ಎಂದರು. ಮಠದ ಕಾಲೇಜು ಎಂದಮೇಲೆ ಪ್ರಸಾದದ ಹಾಗೆ ಅದಕ್ಕೂ ಬೆಲೆ ಇರುವುದಿಲ್ಲ ಎಂದು ಆಕೆ ನಂಬಿದ್ದರು. ಆ ನಂಬಿಕೆ ಸುಳ್ಳಲ್ಲ. ಆಕೆಯ ಮಾವನ ಕಾಲದಲ್ಲಿ ಅದು ನಿಜವೇ ಆಗಿತ್ತು. ನಾನು ಆಕೆಗೆ ಸಿಇಟಿ ಸೀಟು ಬೇರೆ, ಮ್ಯಾನೇಜ್‌ಮೆಂಟ್ ಸೀಟು ಬೇರೆ, ಡಾಕ್ಟರಿಕೆ, ಎಂಜಿನಿಯರಿಕೆಗೆ ಲ್ಯಾಬು, ಯಂತ್ರ, ಆಸ್ಪತ್ರೆ ಬೇಕು, ಅದಕ್ಕೆ ದುಡ್ಡು ಬೇಕು ಎಂದೆಲ್ಲ ವಿವರಿಸಿದೆ. ಅವೂ ನಿಜವೇ. ಒಂದು ಮೆಡಿಕಲ್ ಕಾಲೇಜನ್ನು ಸುಗ್ಗಿಯ ರಾಗಿಯಲ್ಲಿ ನಡೆಸಲಾಗುವುದಿಲ್ಲ.

ಹಾಗಾದರೆ ಬೇರೆ ಯಾರಾದರೂ ಇದಕ್ಕೆ ದಾರಿ ಕಂಡಿದ್ದಾರೆಯೆ? ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಬೆರಿಯಾ ಎಂಬ ಕಾಲೇಜಿದೆ. ಗುಲಾಮಗಿರಿಯನ್ನು ವಿರೋಧಿಸಿದ ಒಬ್ಬ ಪಾದ್ರಿ 1855ರಲ್ಲಿ ಶುರುಮಾಡಿದ್ದು. ಕರಿಯರು ಬಿಳಿಯರು ಒಟ್ಟಿಗೆ ಕೂತು ಓದಬೇಕು ಎಂಬುದು ಅವನ ಛಲ. 1904ರಲ್ಲಿ ಆ ರಾಜ್ಯದವರು ಒಟ್ಟಿಗೆ ಕೂರಿಸುವುದನ್ನು ಕಾನೂನು ಮಾಡಿಯೇ ನಿಲ್ಲಿಸಿದರು. ಕಾಲೇಜು ಸುಪ್ರೀಂ ಕೋರ್ಟಿನವರೆಗೂ ಹೋಗಿ ಸೋತಿತು. ಕಾನೂನು ಸಡಿಲವಾದದ್ದು 1950ರಲ್ಲಿ. ಕಲ್ಯಾಣದ ಕಥೆ ಗೊತ್ತಿರುವ ನಮಗೆ ಇದು ಹೊಸದಲ್ಲ. ನಾನು ಹೇಳಬೇಕೆಂದದ್ದು ಅಲ್ಲಿನ ಲೆಕ್ಕ. 1892ರಿಂದ ಆ ಕಾಲೇಜು ವಿದ್ಯಾರ್ಥಿಗಳಿಂದ ಬೋಧನಾ ಶುಲ್ಕ ತೆಗೆದುಕೊಂಡಿಲ್ಲ. ದಾನಿಗಳು ಕೊಟ್ಟದ್ದನ್ನು ಮೂಲನಿಧಿಯಾಗಿಟ್ಟು ಅದರ ಆದಾಯದಿಂದ ನಡೆಸುತ್ತಾರೆ. ಸೇರಿದ ಪ್ರತಿ ವಿದ್ಯಾರ್ಥಿಯೂ, ಯಾರ ಮಗನಾದರೂ ಸರಿ, ವಾರಕ್ಕೆ ಕನಿಷ್ಠ ಹತ್ತು ಗಂಟೆ ಕೆಲಸ ಮಾಡಬೇಕು. ಅಡುಗೆಮನೆ, ತೋಟ, ಮರಗೆಲಸ, ಗ್ರಂಥಾಲಯ. ಕಾಯಕ ಮತ್ತು ದಾಸೋಹ ಎಂದು ನಾವು ನೂರಾರು ಭಾಷಣ ಮಾಡಿದ್ದನ್ನು ಅವರು ಕಾಲೇಜಿನ ನಿಯಮ ಮಾಡಿದರು. ನಮ್ಮಲ್ಲಿ ಒಂದೇ ಒಂದು ಕಾಲೇಜು, ಬೇಡ, ಒಂದೇ ಒಂದು ಕೋರ್ಸು ಹೀಗೆ ನಡೆಯಬಾರದೆ?

ಸಮಾಜಕ್ಕೂ, ಪೂಜ್ಯರಿಗೂ, ಸಂಸ್ಥೆಗಳನ್ನು ನಡೆಸುವ ಹಿರಿಯರಿಗೂ ನನ್ನ ಬಿನ್ನಹ ಇಷ್ಟು. ಜಾತ್ರೆಯಲ್ಲಿ ಮಠದ ಉತ್ಸವದ ಖರ್ಚು ವೆಚ್ಚ ಓದುವಂತೆ, ವರ್ಷಕ್ಕೊಮ್ಮೆ ಕಾಲೇಜುಗಳ ಲೆಕ್ಕವನ್ನೂ ಭಕ್ತರ ಮುಂದೆ ಓದಿರಿ. ಎಷ್ಟು ಬಂತು, ಎಷ್ಟು ಸಂಬಳಕ್ಕೆ ಹೋಯಿತು, ಎಷ್ಟು ಮಕ್ಕಳು ಫೀಜಿಲ್ಲದೆ ಓದಿದರು, ಅವರಲ್ಲಿ ಎಷ್ಟು ಜನ ಲಿಂಗಾಯತರಲ್ಲದವರು. ತೆರಿಗೆ ವಿನಾಯಿತಿಗಾಗಿ ಸರ್ಕಾರಕ್ಕೆ ಹೇಗೂ ಆಡಿಟ್ ಆದ ಲೆಕ್ಕ ಕೊಡುತ್ತೀರಿ, ಅದನ್ನೇ ಕನ್ನಡದಲ್ಲಿ ನಮಗೂ ಕೊಡಿ. ಜಾತ್ರೆಗೆ, ಮದುವೆಗೆ, ಗೃಹಪ್ರವೇಶಕ್ಕೆ ಲಕ್ಷಗಟ್ಟಲೆ ಸುರಿಯುವ ಭಕ್ತರು ಅದರ ಹತ್ತನೇ ಒಂದು ಪಾಲನ್ನು ವಿದ್ಯಾರ್ಥಿ ನಿಧಿಗೆ ಹಾಕಿ. ಹಾಸ್ಟೆಲಿನ ಬಾಗಿಲನ್ನು ಕೇರಿಯ ಮಕ್ಕಳಿಗೂ ತೆರೆಯಿರಿ, ಬರಿ ಸೀಟು ಕೊಟ್ಟರೆ ಸಾಲದು, ಪಂಕ್ತಿಯಲ್ಲೂ ಕೂರಿಸಿ. ಸುತ್ತೂರಿನ ಉಚಿತ ವಸತಿ ಶಾಲೆಯಲ್ಲಿ ಈಶಾನ್ಯ ರಾಜ್ಯಗಳಿಂದ ಬಂದ ಮಕ್ಕಳು ನಮ್ಮ ಮಕ್ಕಳ ಜೊತೆ ಕೂತು ಉಣ್ಣುತ್ತಾರೆ. ಅಷ್ಟು ದೂರದವರಿಗೆ ಆಗುವುದಾದರೆ ಪಕ್ಕದ ಬೀದಿಯವರಿಗೆ ಯಾಕಾಗದು?

ಹೆಣ್ಣುಮಕ್ಕಳ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ನಂಜನಗೂಡಿಗೂ ಮೈಸೂರಿಗೂ ಹೋಗಿ ಬರಲು ಬಸ್ ಚಾರ್ಜು ಎನ್ನುವ ನೆಪ ಹೋಯಿತು. ಉಳಿದಿರುವ ನೆಪ ಗಂಡು ನೋಡಲು ಬರುತ್ತಾರೆ ಎಂಬುದೊಂದೇ. ಡಿಗ್ರಿ ಮುಗಿಯುವವರೆಗೆ ಬರಬೇಡಿ ಎಂದು ಅವರಿಗೆ ಹೇಳಿ.

ಪ್ರಸಾದ ಆದಮೇಲೆ ನಾನೂ ಇಬ್ಬರು ನಿವೃತ್ತ ಮೇಷ್ಟ್ರೂ ಹೊರಗಿನ ಜಗಲಿಯಲ್ಲಿ ಕೂತಿರುತ್ತೇವೆ. ಹತ್ತನೇ ಕ್ಲಾಸು, ಪಿಯುಸಿ ಮಕ್ಕಳಿರುವವರು ಬನ್ನಿ. ಜಾತಿ ಆದಾಯ ಪ್ರಮಾಣಪತ್ರ, ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ ಎಲ್ಲಿ ಯಾವಾಗ ಮಾಡಿಸಬೇಕು, ಹಾಸ್ಟೆಲ್ ಸಿಗದ ಮಕ್ಕಳಿಗೆ ವಿದ್ಯಾಸಿರಿ ಅರ್ಜಿ ಹೇಗೆ ಹಾಕಬೇಕು ಎಂದು ಬರೆದುಕೊಡುತ್ತೇವೆ. ಮಗುವಿನ ಆಧಾರ್ ಕಾರ್ಡು, ಅಂಕಪಟ್ಟಿ ಇದ್ದರೆ ತನ್ನಿ. ಇಲ್ಲದಿದ್ದರೂ ಬನ್ನಿ.